ಕಾಕಾನ ಟ್ರಂಕಿನ ಮೂರು ಲೆನ್ಸು

ಈ ವಾರದ ಎಪಿಸೋಡು ಒಂದು ತಗಡಿನ ಟ್ರಂಕಿನಿಂದ ಶುರುವಾಗ್ತದ.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಯಾವ ತಾಲೂಕನ್ನೂ ಕೃಷ್ಣಾ ಬಿಡಲಿಲ್ಲ. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗಾ ಉಕ್ಕಿ ಬೆಂಗಳೂರು-ಪುಣೆ ಹೈವೇನೇ ಬಂದ್ ಆಗಿತ್ತು. ನಮ್ಮ ಕಾಕಾನ ಫೋಟೋ ಸ್ಟುಡಿಯೊ ಇದ್ದದ್ದು ಹೊಳೆ ದಂಡೆಯ ಊರಿನಲ್ಲಿ. ಒಳಗೆ ಎದೆಮಟ ನೀರು. ಮೂವತ್ತು ವರ್ಷದ ಲಗ್ನದ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ಅಟ್ಟದ ಮೇಲಿದ್ದ ಟ್ರಂಕು ಉಳಿಯಿತು. ಅದರಲ್ಲಿ ಮೂರು ಲೆನ್ಸು: ಎರಡು ಕ್ಯಾನನ್ ಎಫ್‌ಡಿ, 50 ಎಂಎಂ ಮತ್ತು 135 ಎಂಎಂ. ಇನ್ನೊಂದು ನಿಕಾನ್ 105 ಎಂಎಂ.

ಒಬ್ಬ ವ್ಯಾಪಾರಿ ಮೂರೂ ಸೇರಿ 2,000 ಕೊಡ್ತೀನಿ ಅಂದ. "ಒಯ್ಯಲಿ ಬಿಡೋ ತಮ್ಮಾ, ಈಗ ಅವನ್ನ ಯಾರು ಕೇಳ್ತಾರ?" ಅಂದರು ಕಾಕಾ. ನಾನು ಕೊಡಲಿಲ್ಲ. ಪಾಡ್‌ಕಾಸ್ಟ್‌ಗೆ ವಿಡಿಯೊ ಬೇಕಿತ್ತು, ನಮ್ಮ ಕಡೆಯ ಬೀಡಿ ಕಟ್ಟುವ ಆಯಿಗಳ ಮಾತು ರೆಕಾರ್ಡ್ ಮಾಡೋದಿತ್ತು. ಕೈಯಲ್ಲಿದ್ದದ್ದು 50,000. ಲೆನ್ಸು ಇದಾವೆ, ಬಾಡಿ ಒಂದು ತಗೊಂಡರೆ ಆಯ್ತು ಅಂತ ಲೆಕ್ಕ ಹಾಕಿದೆ. ಬಿ.ಕಾಂ. ಮಾಡಿದವನ ಲೆಕ್ಕ ಅದು.

ತಪ್ಪಿದ್ದು ಅಲ್ಲೇ. ಲೆನ್ಸಿನ ಮೇಲೆ ಕ್ಯಾನನ್ ಅಂತಿತ್ತು, ಹಾಗಾಗಿ ಸೆಕೆಂಡ್ ಹ್ಯಾಂಡ್ ಕ್ಯಾನನ್ ಡಿಎಸ್‌ಎಲ್‌ಆರ್ ತಂದೆ. ಲೆನ್ಸು ಕೂಡಲೇ ಇಲ್ಲ. ಆನ್‌ಲೈನ್‌ನಲ್ಲಿ ಒಂದು ಅಗ್ಗದ ಅಡಾಪ್ಟರ್ ರಿಂಗ್ ತರಿಸಿದೆ, ಒಳಗೊಂದು ಸಣ್ಣ ಗಾಜಿತ್ತು. ಲೆನ್ಸೇನೋ ಕೂತಿತು, ಫೋಟೋ ಮಾತ್ರ ಮಬ್ಬು. ಮಜಾ ಏನಂದ್ರ, ಅದೇ ಬಾಡಿಗೆ ನಿಕಾನ್ 105 ಒಂದು ತೆಳ್ಳನೆಯ ಬಳೆಯಂಥ ರಿಂಗಿನಿಂದ ಸಲೀಸಾಗಿ ಕೂತಿತು, ಫೋಟೋ ಗಾಜಿನಂಗ ಸ್ವಚ್ಛ. ಗಡಿ ಮಂದಿಗೆ ಇದು ಅಷ್ಟು ವಿಚಿತ್ರ ಅನ್ನಿಸಬಾರದು. ನಮ್ಮ ಜಿಲ್ಲಾ ಬೆಳಗಾವಿ, ಸಂತಿ-ಪ್ಯಾಟಿ ಎಲ್ಲಾ ಕೊಲ್ಹಾಪುರ.

ಯಾಕೆ ಹೀಗಾಯ್ತು ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಲೆನ್ಸು ಬಾಡಿಗೆ ಕೂಡುವ ಲೋಹದ ಬಾಯಿಗೆ ಮೌಂಟ್ ಅಂತಾರೆ. ಆ ಬಾಯಿಯಿಂದ ಫಿಲ್ಮಿನವರೆಗಿನ ದೂರವನ್ನು ಪ್ರತಿ ಕಂಪನಿ ಒಂದೊಂದು ಅಳತೆಗೆ ಕಟ್ಟಿತ್ತು. ನಿಕಾನ್ 1959ರಲ್ಲಿ ಎಫ್ ಮೌಂಟ್ ತಂದಿತು, ಅದರ ದೂರ 46.5 ಎಂಎಂ. ಕ್ಯಾನನ್‌ನ ಎಫ್‌ಡಿ ಬಂದದ್ದು 1971ರಲ್ಲಿ, 42 ಎಂಎಂ. ಲೆನ್ಸು ತನ್ನ ಅಳತೆಗಿಂತ ದೂರ ಕೂತರೆ ಹತ್ತಿರದ ವಸ್ತು ಕಾಣ್ತದೆ, ದೂರದ್ದು ಎಂದೂ ಫೋಕಸ್ ಆಗೋದಿಲ್ಲ.

1985ರಲ್ಲಿ ಮಿನೋಲ್ಟಾ ಆಟೋಫೋಕಸ್ ಕ್ಯಾಮೆರಾವನ್ನು ಹೊಸ ಮೌಂಟಿನೊಂದಿಗೆ ತಂದಾಗ ಎಲ್ಲರಿಗೂ ಒಂದೇ ಪ್ರಶ್ನೆ ಬಂತು: ಹಳೆ ಲೆನ್ಸಿನವರನ್ನು ಏನು ಮಾಡೋದು? ಕ್ಯಾನನ್ 1987ರಲ್ಲಿ ಎಫ್‌ಡಿ ಬಿಟ್ಟು ಇಎಫ್‌ಗೆ ಹೋಯ್ತು. ಅಗಲ ಬಾಯಿ, ಮೋಟಾರು ಲೆನ್ಸಿನೊಳಗೆ, ಬಾಡಿಗೂ ಲೆನ್ಸಿಗೂ ಮಾತುಕತೆ ಪೂರ್ತಿ ವಿದ್ಯುತ್ತಿನಲ್ಲಿ. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಒಳ್ಳೇ ನಿರ್ಧಾರವೇ ಅಂತ ನನಗನಿಸ್ತದೆ. ಆದರೆ ಇಎಫ್‌ನ ದೂರ 44 ಎಂಎಂ. ಎಫ್‌ಡಿ ಲೆನ್ಸಿಗೆ ಬೇಕಾದ್ದು 42. ರಿಂಗ್ ಹಾಕಲು ಜಾಗವೇ ಇಲ್ಲ, ಅದಕ್ಕೇ ನನ್ನ ಅಡಾಪ್ಟರ್‌ನಲ್ಲಿ ಆ ಗಾಜು. ನಿಕಾನಿಗಾದರೆ 2.5 ಎಂಎಂ ಜಾಗ ಉಳೀತದೆ, ಬಳೆ ಸಾಕು.

ನಿಕಾನ್ ತನ್ನ ಹಳೆ ಬಾಯಿಯನ್ನೇ ಇಟ್ಟುಕೊಂಡಿತು. ಹಾಗಂತ ಎಲ್ಲ ಬಾಡಿ ಎಲ್ಲ ಲೆನ್ಸಿಗೂ ಸರಿ ಅಂತ ತಿಳೀಬ್ಯಾಡ್ರಿ. ಡಿ3000, ಡಿ5000 ಸರಣಿಗಳಲ್ಲಿ ಹಳೆ ಮ್ಯಾನುಯಲ್ ಲೆನ್ಸು ಕೂಡ್ತದೆ, ಬೆಳಕಿನ ಮೀಟರ್ ಓಡೋದಿಲ್ಲ. ಡಿ7000ದಲ್ಲಿ ಓಡ್ತದೆ. 1977ರಲ್ಲಿ ಎಐ ಅನ್ನೋ ಬದಲಾವಣೆ ಬಂತು, ಅದಕ್ಕಿಂತ ಹಿಂದಿನ ಲೆನ್ಸನ್ನು ಕೆಲವು ಬಾಡಿಗೆ ಒತ್ತಿ ಕೂಡಿಸಿದರೆ ಬಾಡಿಯೇ ಕೆಡಬಹುದು. ನಮ್ಮದು ಎಐ-ಎಸ್, ಬಚಾವ್. ಅಂದಹಾಗೆ, ಸ್ಟೀವ್ ಮೆಕರಿ 1984ರಲ್ಲಿ ತೆಗೆದ ಹಸಿರುಗಣ್ಣಿನ ಅಫ್ಘನ್ ಹುಡುಗಿಯ ಫೋಟೋ ಇದೇ ಮಾದರಿಯ 105 ಎಂಎಂ ಲೆನ್ಸಿನದು. ಇದನ್ನ ಕಾಕಾಗೆ ಹೇಳಿದೆ. "ಅದಕ್ಕೇನಾತು, ನಾನೂ ಇದರಾಗ ಬಾಳ ಮದುಮಗಳಂದಿರನ್ನ ತಗದೀನಿ" ಅಂದರು.

ಕಾಕಾ ಎರಡು ಕಂಪನಿ ಯಾಕೆ ಸಾಕಿದರು? ಆಗ ಸಿಸ್ಟಮ್ ಆರಿಸೋದು ಅಂತ ಇರಲಿಲ್ಲ. ಹೊರದೇಶದ ಕ್ಯಾಮೆರಾಕ್ಕೆ ಭಾರೀ ಸುಂಕ, ಮುಂಬೈಯಿಂದ ಎರಡನೇ ಕೈಯಲ್ಲಿ ಏನು ಬಂತೋ ಅದೇ ಸಿಸ್ಟಮ್ಮು. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ 1918ರಲ್ಲಿ ಸಿನಿಮಾ ಕ್ಯಾಮೆರಾವನ್ನೇ ಕೈಯಾರೆ ಕಟ್ಟಿದ್ದರು, 1920ರ 'ಸೈರಂಧ್ರಿ' ಆ ಕಾಲದ ಅವರ ಚಿತ್ರ. ಕೆಲಸ ಶುರುಮಾಡಿದ ಜೊತೆಗಾರ ಆನಂದರಾವ್ 1916ರಲ್ಲೇ ತೀರಿಕೊಂಡಿದ್ದರು. 135ರೊಳಗಿನ ಫಂಗಸ್ ತೆಗೆಸಲು ನಾನು ಹೋದದ್ದೂ ಅದೇ ಊರಿಗೆ. ಜೇಡರ ಬಲೆಯಂಥದ್ದು ಹೋಯ್ತು, ಕೋಟಿಂಗ್ ಮೇಲಿನ ಕಲೆ ಹೋಗಲಿಲ್ಲ. ಸೂರ್ಯನ ಎದುರು ಹಿಡಿಯದಿದ್ದರೆ ಫೋಟೋದಲ್ಲಿ ಗೊತ್ತಾಗೋದಿಲ್ಲ.

ಕೊನೆಗೆ ಎಫ್‌ಡಿಯನ್ನು ಉಳಿಸಿದ್ದು ಕನ್ನಡಿ ಇಲ್ಲದ ಕ್ಯಾಮೆರಾ. ಮೊದಲು ಲೆನ್ಸಿಗೂ ಫಿಲ್ಮಿಗೂ ನಡುವೆ ಅಷ್ಟು ದೂರ ಬೇಕಾಗಿದ್ದದ್ದೇ ಎದ್ದು ಬೀಳುವ ಕನ್ನಡಿಗಾಗಿ. 2008ರಲ್ಲಿ ಪ್ಯಾನಸಾನಿಕ್ ಕನ್ನಡಿ ತೆಗೆದ ಮಾದರಿ ತಂದಿತು, ಆಮೇಲೆ ಉಳಿದವರೂ ಬಂದರು. ಸೋನಿಯ ಇ ಮೌಂಟ್ 18 ಎಂಎಂ, ಕ್ಯಾನನ್ ಆರ್‌ಎಫ್ 20, ನಿಕಾನ್ ಝಡ್ 16. ಈಗ ಎಫ್‌ಡಿಗೆ 24 ಎಂಎಂ ದಪ್ಪದ ಖಾಲಿ ಕೊಳವೆ ಸಾಕು, ಒಳಗೆ ಗಾಜು ಬೇಡ. ನಿಕಾನಿಗೆ 28.5ರ ಕೊಳವೆ. ಒಂದೇ ಬಾಡಿಗೆ ಮೂರೂ ಕೂಡ್ತಾವೆ.

ನಾನು ಡಿಎಸ್‌ಎಲ್‌ಆರ್ ಮಾರಿದೆ, ನಷ್ಟಕ್ಕೇ. ಹೋದ ರೊಕ್ಕ ಹೋಯ್ತು, ಅದನ್ನ ನೋಡಿಕೊಂಡು ಮತ್ತಷ್ಟು ಹಾಕಬಾರದು ಅಂತ ಕಾಲೇಜಿನಲ್ಲಿ ಕಲಿಸಿದ್ದರು, ಪರೀಕ್ಷೆ ಬಿಟ್ಟರೆ ಇಲ್ಲೇ ಉಪಯೋಗಕ್ಕೆ ಬಂದದ್ದು. 2014ರ ಮಾಡೆಲ್ ಸೋನಿ ಎ7 ಟೂ, ಸೆಕೆಂಡ್ ಹ್ಯಾಂಡ್, ತಗೊಂಡೆ. ಕಾರಣ ಎರಡು. ಅದು ಫುಲ್ ಫ್ರೇಮ್. ಸಣ್ಣ ಸೆನ್ಸರ್‌ನಲ್ಲಿ 50 ಎಂಎಂ ಲೆನ್ಸು 75ರಂತೆ ಕಾಣ್ತದೆ, ಬೀಡಿ ಕಟ್ಟುವ ಆಯಿಯ ಹತ್ತಡಿ ಕೋಣೆಯಲ್ಲಿ ನಾನು ಗೋಡೆಯೊಳಗೇ ನಿಲ್ಲಬೇಕಾಗ್ತಿತ್ತು. ಎರಡನೇದು, ನಡುಕ ತಡೆಯೋ ವ್ಯವಸ್ಥೆ ಬಾಡಿಯಲ್ಲೇ ಇದೆ, ಎಷ್ಟು ಎಂಎಂ ಅಂತ ಮೆನುವಿನಲ್ಲಿ ಹೇಳಿದರೆ ಹಳೆ ಲೆನ್ಸಿಗೂ ಕೆಲಸ ಮಾಡ್ತದೆ. ಆಟೋಫೋಕಸ್ ಇಲ್ಲ. ಓಡಾಡೋ ಮಕ್ಕಳ ಫೋಟೋ, ಲಗ್ನದ ಆರ್ಡರ್ ಬೇಕಂದ್ರ ಈ ದಾರಿ ಹಿಡೀಬ್ಯಾಡ್ರಿ, ಹೊಸ ಲೆನ್ಸೇ ತಗೋರಿ.

ಕಾಕಾಗೆ ಕಣ್ಣಿನ ಪೊರೆ. ಒಂದು ಕಣ್ಣು ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಹಳೆ ಕ್ಯಾಮೆರಾದಲ್ಲಿ ಫೋಕಸ್ ತಿಳೀತಿಲ್ಲ ಅಂತ ಮುಟ್ಟೋದನ್ನೇ ಬಿಟ್ಟಿದ್ದರು. ಇದರಲ್ಲಿ ಪೀಕಿಂಗ್ ಅಂತ ಒಂದಿದೆ, ಫೋಕಸ್ ಆದ ಅಂಚಿಗೆಲ್ಲ ಬಣ್ಣದ ಗೆರೆ ಬರ್ತದೆ. ಹಳದಿ ಬಣ್ಣ ಇಟ್ಟು, 105 ಹಾಕಿ ಕೈಗೆ ಕೊಟ್ಟೆ. ಕಟ್ಟೆ ಮೇಲೆ ಕಾಕು ಜೋಳ ಹಸನ ಮಾಡ್ತಾ ಕೂತಿದ್ದರು. ಕಾಕಾನ ಬೆರಳು ರಿಂಗನ್ನು ಅತ್ತ ಇತ್ತ ತಿರುಗಿಸಿ ಒಂದು ಕಡೆ ನಿಂತಿತು.

"ಇಕಿ ಮಾರಿಗೆ ಅರಿಷಿಣ ಹಚ್ಚಿದಂಗ ಕಾಣ್ತದಲೋ," ಅಂದರು.

ಕಾಕು ಮೊರ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಅಷ್ಟೊತ್ತಿಗೆ ಕಾಕಾ ಕ್ಲಿಕ್ ಒತ್ತಿ ಆಗಿತ್ತು.