ಆಳಗಡಲಿನ ತೊರಕೆ

ಕಡಲಿಗೆ ದೂರವಾದ ಬೀದರ ಸೀಮೆಯ ವಾಚಕರಿಗೆ, ಕರಾವಳಿಯ ಮೊಗವೀರರು ತೊರಕೆಯೆನ್ನುವ ಚಪ್ಪಟೆ ಮೀನಿನ ಹೆಸರೇ ಹೊಸದಾಗಿರಬಹುದು. ಆ ಕುಲದೊಳಗೆ ಸ್ಕೇಟ್ ಎಂಬ ಪಂಗಡವೊಂದುಂಟು. ಉಳಿದ ತೊರಕೆಗಳು ಮರಿಗಳನ್ನೀಯುವುವು, ಇದಾದರೋ ತೊಗಲಿನಂತಹ ಚೀಲದಲ್ಲಿ ಮೊಟ್ಟೆಯನ್ನಿಡುವುದು.

'ಇನ್ವೆಸ್ಟಿಗೇಟರ್' ಎಂಬ ಸಮುದ್ರಶೋಧನ ನೌಕೆಯಲ್ಲಿ ವೈದ್ಯನೂ ಪ್ರಾಣಿಶಾಸ್ತ್ರಜ್ಞನೂ ಆಗಿದ್ದ ಆಲ್ಕಾಕನು, ತಿರುವಾಂಕೂರಿನ ಆಳಗಡಲಲ್ಲಿ ದೊರೆತ ಸ್ಕೇಟೊಂದನ್ನು 1899ರಲ್ಲಿ ವರ್ಣಿಸಿದನು. ಅಂದು ಶಾಸ್ತ್ರಾರ್ಥವಾಗಿ ಮೇಲೆತ್ತಿದ ಆ ಮೀನಿನ ಸಂತತಿಯು ಇಂದು ಕೇರಳದಲ್ಲಿ ಆಳದ ಸೀಗಡಿಗೆಂದು ಎಳೆಯುವ ಬಲೆಗೆ, ಯಾರೂ ಬಯಸದೆಯೇ, ಬೀಳುತ್ತಿದೆ. ಇದನ್ನು ಅಲ್ಪವೆಂದೆಣಿಸಲಾಗದು. ಸಾವಿರಗಟ್ಟಲೆ ಮೊಟ್ಟೆಯಿಡುವ ಬಂಗುಡೆಯ ಲೆಕ್ಕವು ಸ್ಕೇಟಿಗೆ ಸಲ್ಲದು. ಯೂರೋಪಿನ ದೊಡ್ಡ ಸ್ಕೇಟು ಪ್ರಾಯಕ್ಕೆ ಬರಲು ಸುಮಾರು 11 ವರ್ಷ. ಬಳಿಕ ವರ್ಷಕ್ಕಿಡುವ ಮೊಟ್ಟೆಗಳೋ ಸುಮಾರು 40. ಅನ್ಯ ಮೀನುಗಳಿಗೆ ಹಾಸಿದ ಬಲೆಗಳಲ್ಲಿ ಸಿಕ್ಕಿ ಸಿಕ್ಕಿ ಅದು ಐರಿಷ್ ಸಮುದ್ರದಿಂದ ಕಣ್ಮರೆಯಾದುದನ್ನು ಬ್ರಾಂಡರ್ ಎಂಬ ವಿದ್ವಾಂಸನು 1981ರಲ್ಲಿ ಪ್ರಕಟಿಸಿದನು.