ಬೇತಮಂಗಲದ ಕಡೆಯ ಗುರುವಂದನೆ

ಐವತ್ತು ದಾಟಿದ ಇಬ್ಬರು ಕೋಲಾರ ಸೀಮೆಯವರು ಎದುರಾದರೆ, ಊರು ಯಾವುದು, ಯಾರ ಮನೆಯವರು ಎಂಬ ವಿಚಾರಣೆ ಮುಗಿದ ಮೇಲೆ ‘ನೀವು ಎಸ್ಸೆಸ್ಸೆಲ್ಸಿ ಯಾವ ವರ್ಷ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾಲೇಜು ಮೆಟ್ಟಿಲು ಹತ್ತಿದವರು ಕೆಲವರೇ ಇದ್ದ ಕಾಲದ ಮಾತಿದು. ಆಗ ಬಹಳ ಮಂದಿಯ ಓದು ಹೈಸ್ಕೂಲಿಗೇ ಮುಗಿಯುತ್ತಿತ್ತು. ಆ ವರ್ಷದ ಬ್ಯಾಚಿನವರು ಮೂವತ್ತು, ನಲವತ್ತು ವರ್ಷ ಕಳೆದು ಮೇಷ್ಟ್ರುಗಳ ಸಮೇತ ಸೇರುವುದಕ್ಕೆ ಕರ್ನಾಟಕದಲ್ಲಿ ಈಗ ಒಂದು ಹೆಸರೇ ನಿಂತಿದೆ. ಗುರುವಂದನೆ ಮತ್ತು ಸ್ನೇಹ ಸಮ್ಮಿಲನ.

ಬೇತಮಂಗಲದ ಕಡೆಯವರು ಹೀಗೆ ಸೇರಲು ಎಲ್ಲೆಲ್ಲಿಂದಲೋ ಬರಬೇಕು. ಪಾಲಾರ್ ದಡದ ಈ ಹಳೆಯ ಊರಿಗೆ ವಿಜಯೇಂದ್ರಸ್ವಾಮಿ ಗುಡಿಯಿದೆ, ದೊಡ್ಡ ಕೆರೆಯಿದೆ, ಶಾಸನಗಳಿವೆ. ಆದರೆ 1864ರಲ್ಲಿ ಮದ್ರಾಸಿನ ರೈಲು ಬೆಂಗಳೂರು ಮುಟ್ಟಿದಾಗ ಹಳಿ ಇತ್ತ ಬರಲಿಲ್ಲ. ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಆ ಹಳಿಯ ಮೇಲೆ ಬೆಳೆಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಹತ್ತಿರದಲ್ಲೇ ಕೋಲಾರ ಚಿನ್ನದ ಗಣಿ ಎದ್ದಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು, ಕುಡಿಯುವ ನೀರು ಮಾತ್ರ ಬೇತಮಂಗಲದಿಂದಲೇ ಹೋಗಬೇಕಾಯಿತು. ಊರು ಗಣಿಗೆ ನೀರು ಕೊಟ್ಟಿತು, ಗಣಿ ಊರಿನವರಿಗೆ ಸಂತೆಯನ್ನೂ ಸಂಬಳವನ್ನೂ ಕೊಟ್ಟಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿ ಊರಿನ ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ತಮಿಳು. ಮೂರನ್ನೂ ಒಂದೇ ದಿನ ಆಡಿದ ಮಕ್ಕಳು ಈ ಕಡೆ ಎಷ್ಟೋ ಮಂದಿ.

2001ರ ಫೆಬ್ರವರಿ 28ರಂದು, ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅದಕ್ಕೂ ಮೊದಲೇ ಶುರುವಾಗಿದ್ದ ವಲಸೆ ಆಮೇಲೆ ಜೋರಾಯಿತು. ಕೆಲವರು ಬೆಂಗಳೂರಿಗೇ ಹೋಗಿ ನೆಲೆಸಿದರು. ಉಳಿದವರಲ್ಲಿ ಅನೇಕರು ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಾರೆ.

ಹೀಗೆ ಚದುರಿದವರನ್ನು ಮತ್ತೆ ಸೇರಿಸುವ ನೆಪವೇ ಗುರುವಂದನೆ. ಗುರುವಿಗೆ ಸಾರ್ವಜನಿಕವಾಗಿ ಮರ್ಯಾದೆ ಮಾಡುವುದು ನಮ್ಮಲ್ಲಿ ಹೊಸದಲ್ಲ. 1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಸಾರೋಟನ್ನು ತಾವೇ ಸ್ಟೇಷನ್ನಿನವರೆಗೆ ಎಳೆದರು. 1962ರಿಂದ ಅವರ ಹುಟ್ಟುಹಬ್ಬವೇ ಶಿಕ್ಷಕರ ದಿನ. ಹಳೆಯ ವಿದ್ಯಾರ್ಥಿ ಸಂಘ ಮಾತ್ರ ಬಹುಕಾಲ ದೊಡ್ಡ ಕಾಲೇಜುಗಳ ಸೊತ್ತಾಗಿತ್ತು. ಹೋಬಳಿ ಹೈಸ್ಕೂಲಿನವರ ಪಾಲಿಗೆ ಇದ್ದದ್ದು ಬೀಳ್ಕೊಡುಗೆ ಸಮಾರಂಭ, ಆಟೋಗ್ರಾಫ್ ಪುಸ್ತಕ, ಒಂದು ಗ್ರೂಪ್ ಫೋಟೋ. ವಾಟ್ಸ್‌ಆ್ಯಪ್ ಬಂದ ಮೇಲೆ ಸಂಘ, ರಸೀತಿ, ಕಚೇರಿ ಯಾವುದೂ ಬೇಕಿಲ್ಲದಾಯಿತು.

ಹಳೆಯ ಸಹಪಾಠಿಗಳ ಫೋನ್ ನಂಬರು ಹುಡುಕುವುದೇ ದೊಡ್ಡ ಕೆಲಸ. ಹುಡುಗರು ಸುಲಭಕ್ಕೆ ಸಿಗುತ್ತಾರೆ. ಮದುವೆಯಾಗಿ ಚಿತ್ತೂರು, ಹೊಸೂರು, ವೇಲೂರು ಕಡೆ ಹೋದ ಹೆಣ್ಣುಮಕ್ಕಳ ಇನಿಷಿಯಲ್ಲೇ ಬದಲಾಗಿರುತ್ತದೆ. ತವರಿನ ತಮ್ಮನನ್ನು ಹಿಡಿದು, ಅವನಿಂದ ಅಕ್ಕನ ಮಗನ ನಂಬರು ಪಡೆದು, ಕೊನೆಗೆ ಅಕ್ಕನೇ ಫೋನಿಗೆ ಬರುವ ಹೊತ್ತಿಗೆ ವಾರ ಕಳೆದಿರುತ್ತದೆ. ಅರವತ್ತರ ಆಸುಪಾಸಿನಲ್ಲಿ ಇಂಥ ಸಮ್ಮಿಲನಗಳು ಹೆಚ್ಚುವುದಕ್ಕೂ ಕಾರಣವುಂಟು. ಸರ್ಕಾರಿ ನೌಕರಿಯಲ್ಲಿದ್ದವರು ನಿವೃತ್ತರಾಗುವುದು ಆಗಲೇ. ಆ ನಿವೃತ್ತಿಯ ತಾರೀಖೂ ಮೇಷ್ಟ್ರ ಕೃಪೆಯೇ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸಿಕೊಳ್ಳುವಾಗ ಅವರೇ ಒಂದು ದಿನ ಬರೆದುಕೊಂಡಿರುತ್ತಿದ್ದರು!

ಕಾರ್ಯಕ್ರಮದ ರೀತಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಪ್ರಾರ್ಥನೆ, ತೀರಿಕೊಂಡವರಿಗೆ ಮೌನಾಚರಣೆ, ಗುರುಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣ ಉದ್ದವಾದರೆ ಯಾರಿಗೂ ಬೇಡ. ಎಲ್ಲರೂ ಕಾಯುವುದು ಹಾಜರಿಗೆ. ಹಳೆಯ ಮೇಷ್ಟ್ರು ಹೆಸರು ಕೂಗಿದಂತೆ ಅಜ್ಜಂದಿರಾದವರು ಎದ್ದು ‘ಎಸ್ ಸಾರ್’ ಎನ್ನುತ್ತಾರೆ. ಊಟಕ್ಕೆ ಹೋಳಿಗೆ ಖಾತ್ರಿ. ಹೊರಡುವ ಮುಂಚೆ ಶಾಲೆಗೆ ನೀರಿನ ಫಿಲ್ಟರೋ ಬೆಂಚುಗಳೋ ಕೊಡುಗೆಯಾಗುತ್ತವೆ. ಶಾಲು ಕಡಿಮೆಯಾಗಿ ಬೆಂಚು ಹೆಚ್ಚಾದರೆ ಒಳ್ಳೆಯದು.

ಗಣಿಯ ಚರಿತ್ರೆಗೆ ಬೇಕಾದಷ್ಟು ದಾಖಲೆಗಳಿವೆ. ಅದರ ನೆರಳಲ್ಲಿದ್ದ ಹೋಬಳಿ ಹೈಸ್ಕೂಲುಗಳ ಚರಿತ್ರೆ ಅಡ್ಮಿಷನ್ ರಿಜಿಸ್ಟರಿನಲ್ಲೂ ಹಳೆಯ ಗ್ರೂಪ್ ಫೋಟೋಗಳಲ್ಲೂ ಉಳಿದಿದೆ. ನಿಮ್ಮ ಮನೆಯ ಗೋಡೆಯಲ್ಲೋ ಟ್ರಂಕಿನಲ್ಲೋ ಅಂಥದೊಂದು ಫೋಟೋ ಇದ್ದರೆ, ನಿಂತವರು, ಕೂತವರು ಯಾರೆಂದು ಹಿಂಬದಿಯಲ್ಲಿ ಈಗಲೇ ಬರೆದಿಡಿ. ಒಂದು ಪ್ರತಿಯನ್ನು ಶಾಲೆಗೂ ಕೊಡಿ.