ಅಣಶಿಯ ಧರೆಗೆ ಉಕ್ಕಿನ ಮೊಳೆ

2021ರ ಜುಲೈ ಮಳೆಗೆ ಅಣಶಿ ಘಟ್ಟದಲ್ಲಿ ಧರೆ ಕುಸಿದು ಕಾರವಾರ–ಜೋಯಿಡಾ ರಸ್ತೆ ಬಂದ್ ಆಯಿತು. ದಾಂಡೇಲಿ, ಹಳಿಯಾಳದವರಿಗೆ ಜಿಲ್ಲಾ ಕೇಂದ್ರದ ನೇರ ದಾರಿಯೇ ತಪ್ಪಿತು. ಅದೇ ತಿಂಗಳ 23ರಂದು, ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವೆಗೆ ಇಳಿಯುವ ರೈಲುಹಾದಿಯಲ್ಲಿ ಗುಡ್ಡ ಜರಿದು ಮಂಗಳೂರು–ಮುಂಬೈ ರೈಲು ಹಳಿ ತಪ್ಪಿತು. ಕೊಂಕಣ ರೈಲ್ವೆಯ ದಾರಿಯಲ್ಲಿ ನೆರೆ ಬಂದಿದ್ದರಿಂದ ಈ ಕಡೆ ತಿರುಗಿಸಿದ್ದ ರೈಲು ಅದು.

ಈ ಹಾದಿಯನ್ನು ಕಡಿದದ್ದು 1880ರ ದಶಕದಲ್ಲಿ. 37 ಅಡಿಗೆ ಒಂದು ಅಡಿ ಏರುವ ಕಡಿದಾದ ಘಟ್ಟ. ಆಧುನಿಕ ಮಣ್ಣಿನ ಬಲವಿಜ್ಞಾನಕ್ಕೆ (ಸಾಯಿಲ್ ಮೆಕ್ಯಾನಿಕ್ಸ್) ಬುನಾದಿ ಹಾಕಿದ ಟೆರ್ಜಾಗಿಯ ಪುಸ್ತಕ ಬಂದದ್ದು 1925ರಲ್ಲಿ. ಅಂದರೆ ಅಲ್ಲಿನ ಧರೆಗಳು ಆ ವಿಜ್ಞಾನಕ್ಕಿಂತ ಹಳೆಯವು.

ಇಂಥ ಧರೆಗಳನ್ನು ಮೊಳೆ ಹೊಡೆದು ಹಿಡಿದು ನಿಲ್ಲಿಸುವ ಉಪಾಯ ಹೊಸದು. ಮಣ್ಣಿನಲ್ಲಿ ತುಸು ಇಳಿಜಾರಾಗಿ ರಂಧ್ರ ಕೊರೆದು, ಉಕ್ಕಿನ ಸರಳು ತೂರಿಸಿ, ಸಿಮೆಂಟ್ ಹಾಲು ತುಂಬುತ್ತಾರೆ. ಮೇಲ್ಮೈಗೆ ಜಾಲರಿ ಹಾಸಿ ಕಾಂಕ್ರೀಟ್ ಸಿಂಪಡಿಸುತ್ತಾರೆ. 1972ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲುಹಾದಿ ಅಗಲಿಸುವಾಗ 18 ಮೀಟರ್ ಎತ್ತರದ ಧರೆಯನ್ನು ಹೀಗೆ ಹಿಡಿದು ನಿಲ್ಲಿಸಿದರು. 1986ರಲ್ಲಿ ಶುರುವಾದ ಫ್ರೆಂಚರ ‘ಕ್ಲೂತೇರ್’ ಯೋಜನೆಯಲ್ಲಿ ಇಂಥದ್ದೊಂದು ಗೋಡೆಯನ್ನು ಬೇಕೆಂದೇ ಬೀಳಿಸಿ ನೋಡಿದರು. ಬೀಳಿಸಲು ಬಳಸಿದ್ದು ನೀರನ್ನು! ಮೇಲಿನಿಂದ ನೀರುಣಿಸಿ ಮಣ್ಣನ್ನು ನೆನೆಸುತ್ತ ಹೋದರು, ಗೋಡೆ ಸೋತಿತು.

ನಮ್ಮ ಘಟ್ಟಕ್ಕೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ಕರಾವಳಿಯಲ್ಲಿ ಜಂಬಿಟ್ಟಿಗೆಯ ಕೆಳಗೆ ಸಿಗುವ ಶೇಡಿ ಮಣ್ಣು ಬೇಸಿಗೆಯಲ್ಲಿ ಗಟ್ಟಿ. ಆಷಾಢದಲ್ಲಿ ನೆನೆದರೆ ಬಲವೆಲ್ಲ ಬಸಿದುಹೋಗುತ್ತದೆ.

ಹಾಗಿದ್ದೂ ವಿನ್ಯಾಸದ ಕಡತದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಅಂಕಿ: ಸುರಕ್ಷತಾ ಗುಣಕ 1.5. ಅಂದರೆ ಧರೆಯನ್ನು ಹಿಡಿಯುವ ಬಲ ಬೀಳಿಸುವ ಬಲದ ಒಂದೂವರೆ ಪಟ್ಟು; ಅದು 1ಕ್ಕಿಂತ ಇಳಿದರೆ ಕುಸಿತ. ಮಣ್ಣಿನ ಗುಣ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಆ 1.5 ಕೂಡ ಸ್ಥಿರವಲ್ಲ. ಅದು ಆಚೀಚೆ 0.15ರಷ್ಟು (ಪ್ರಮಾಣಿತ ವಿಚಲನೆ) ಚದುರುವಂತಿದ್ದರೆ ಕುಸಿತದ ಸಂಭವ ಸುಮಾರು 2,300ರಲ್ಲಿ ಒಂದು. ಚದುರುವಿಕೆ 0.3 ಆದರೆ 21ರಲ್ಲಿ ಒಂದು! ಎರಡೂ ಧರೆಗಳ ಕಡತದಲ್ಲಿ ಕಾಣುವುದು ಅದೇ 1.5. ಈ ಅಂತರವನ್ನು ಬಯಲಿಗೆ ತರುವುದೇ ವಿಶ್ವಾಸಾರ್ಹತೆಯ ಲೆಕ್ಕ. ಅದಕ್ಕೆ ಹೊರಗೆ ನೋಡಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಲ್. ಶಿವಕುಮಾರ್ ಬಾಬು ಮತ್ತು ವಿಕಾಸ್ ಪ್ರತಾಪ್ ಸಿಂಗ್ ಮೊಳೆ ಗೋಡೆಗಳಿಗೆ ಇದೇ ಲೆಕ್ಕ ಹಾಕಿ 2009ರಲ್ಲಿ ಪ್ರಕಟಿಸಿದ್ದಾರೆ.

ಅದೇ ವರ್ಷದ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಇನ್ನು ಮುಂದೆ ಘಟ್ಟದ ಧರೆಗೆ ಮೊಳೆ ಹೊಡೆಯುವ ಪ್ರತಿ ಗುತ್ತಿಗೆಯಲ್ಲೂ ಎರಡು ಷರತ್ತು ಇರಲಿ: ಮೊಳೆಯನ್ನು ಎಳೆದು ನೋಡುವ ಪರೀಕ್ಷೆ ನೆನೆದ ಮಣ್ಣಿನಲ್ಲೇ ನಡೆಯಬೇಕು, ಸುರಕ್ಷತಾ ಗುಣಕದ ಪಕ್ಕದಲ್ಲಿ ಕುಸಿತದ ಸಂಭವವನ್ನೂ ಬರೆದು ಊರಿನವರಿಗೆ ತೋರಿಸಬೇಕು.